ಫ್ರೆಂಚ್ ಬ್ರಾಂದಿ ತಯಾರಿಕೆಯ ಪರಿಭಾಷೆ

ಫ್ರಾನ್ಸಿನಲ್ಲಿ ದ್ರಾಕ್ಷಿಯ ವೈನನ್ನು, ಕೆಲವು ಕಡೆ ಸೇಬಿನ ಸೈಡರನ್ನು ಬಟ್ಟಿ ಇಳಿಸಿ ಓಕ್ ಪೀಪಾಯಿಗಳಲ್ಲಿ ವರ್ಷಗಟ್ಟಲೆ ಮಾಗಿಸುವ ಕಸುಬಿನೊಂದಿಗೆ ಬೆಳೆದುಬಂದ ಪದಸಂಪತ್ತೇ ಫ್ರೆಂಚ್ ಬ್ರಾಂದಿಯ ಪರಿಭಾಷೆ. ಇದರ ಮುಖ್ಯ ನೆಲೆಗಳು ಮೂರು: ಶರಾಂತ್ ನದಿಯ ಬಯಲಿನ ಕೊನ್ಯಾಕ್, ಅದರ ದಕ್ಷಿಣಕ್ಕೆ ಗ್ಯಾಸ್ಕನಿಯ ಆರ್ಮನ್ಯಾಕ್, ಉತ್ತರದಲ್ಲಿ ನಾರ್ಮಂಡಿಯ ಕಲ್ವಾದೋಸ್. ಪದಗಳು ಹಲವು ದಾರಿಗಳಲ್ಲಿ ಬಂದಿವೆ. ಬಟ್ಟಿಯ ಹೆಸರು ಅರಬ್ಬರಿಂದ ಬಂತು, ಮಾಲಿನ ಹೆಸರು ಡಚ್ ವರ್ತಕರಿಂದ, ಬಾಟಲಿಯ ಮೇಲಿನ ದರ್ಜೆಯ ಅಕ್ಷರಗಳು ಇಂಗ್ಲಿಷ್ ಗಿರಾಕಿಗಳಿಂದ. ಬಟ್ಟಿಯ ಮುಂದೆ ನಿಂತು, ಪೀಪಾಯಿಗಳ ನಡುವೆ ಓಡಾಡುತ್ತ ಆಡುವ ಮಾತು ಮಾತ್ರ ಫ್ರೆಂಚಾಗಿಯೇ ಉಳಿಯಿತು. 20ನೆಯ ಶತಮಾನದಲ್ಲಿ ಈ ಮಾತುಗಳಲ್ಲಿ ಎಷ್ಟೋ ಪದಗಳಿಗೆ ಕಾನೂನಿನ ಬಲ ಸಿಕ್ಕಿತು. ಲೇಬಲ್ಲಿನ ಮೇಲೆ ಅಂಥ ಪದವೊಂದನ್ನು ಅಚ್ಚು ಮಾಡಬೇಕಾದರೆ ಅದಕ್ಕೆ ತಕ್ಕ ನೆಲ, ತಕ್ಕ ಬಟ್ಟಿ, ತಕ್ಕ ವಯಸ್ಸು ಇರಲೇಬೇಕು.

ಬ್ರಾಂದಿ ಎಂಬ ಹೆಸರಿನ ಮೂಲ ಡಚ್ಚರ ‘ಬ್ರಾಂಡವೈನ್’, ಅಂದರೆ ಸುಟ್ಟ ವೈನು. 16ನೆಯ ಶತಮಾನದಲ್ಲಿ ಶರಾಂತ್ ಕರಾವಳಿಗೆ ಉಪ್ಪು ಮತ್ತು ವೈನಿಗಾಗಿ ಬರುತ್ತಿದ್ದ ಡಚ್ ಹಡಗುಗಳಲ್ಲಿ ಆ ಭಾಗದ ತೆಳು ವೈನು ದೂರದ ಪ್ರಯಾಣಕ್ಕೆ ತಾಳದೆ ಕೆಡುತ್ತಿತ್ತು. ಅದನ್ನು ಬಟ್ಟಿ ಇಳಿಸಿದರೆ ಕೆಡುವ ಭಯವಿರಲಿಲ್ಲ, ಹಡಗಿನಲ್ಲಿ ಜಾಗವೂ ಉಳಿಯುತ್ತಿತ್ತು. ಫ್ರೆಂಚರು ಇದನ್ನು ‘ವೈನು ಸುಡುವುದು’ ಎಂದೇ ಕರೆದರು. ಇವತ್ತಿಗೂ ಬಟ್ಟಿಮನೆಗೆ ಅಲ್ಲಿ ‘ಬ್ರ್ಯೂಲ್ರಿ’, ಸುಡುವ ಮನೆ, ಎಂಬ ಹೆಸರಿದೆ. ಬಟ್ಟಿ ಇಳಿದ ದ್ರವಕ್ಕೆ ಮಾತ್ರ ಅವರು ‘ಓ-ದ-ವೀ’, ಜೀವಜಲ, ಎಂಬ ಪದವನ್ನೇ ಉಳಿಸಿಕೊಂಡರು. ಮಧ್ಯಯುಗದ ವೈದ್ಯರೂ ರಸವಾದಿಗಳೂ ಬಳಸುತ್ತಿದ್ದ ಲ್ಯಾಟಿನ್ ಹೆಸರಿನ ನೇರ ಅನುವಾದ ಅದು. ಆಗ ಈ ದ್ರವ ಔಷಧದ ಸಾಲಿಗೆ ಸೇರಿತ್ತು. ಬಟ್ಟಿಗೆ ‘ಅಲಾಂಬಿಕ್’ ಎನ್ನುತ್ತಾರೆ. ಅರಬ್ಬಿಯ ‘ಅಲ್-ಅನ್ಬೀಕ್’ ಅದರ ಮೂಲ, ಅದಕ್ಕೂ ಹಿಂದೆ ಗ್ರೀಕಿನ ಒಂದು ಪಾತ್ರೆಯ ಹೆಸರು.

ಪರಿಭಾಷೆಯ ಮೊದಲ ಗುಂಪು ನೆಲಕ್ಕೆ ಸಂಬಂಧಿಸಿದ್ದು. ಬೆಳೆಯ ಸೀಮೆಯನ್ನು ‘ಕ್ರ್ಯೂ’ ಎನ್ನುತ್ತಾರೆ. ಕೊನ್ಯಾಕ್ ಸೀಮೆಯ ಗಡಿಯನ್ನು ಸರಕಾರ ಗುರುತಿಸಿದ್ದು 1909ರಲ್ಲಿ. ‘ಆಪೆಲಾಸಿಯೋಂ ದೊರಿಜಿನ್ ಕೋಂತ್ರೋಲೇ’, ಅಂದರೆ ಮೂಲಸ್ಥಳದ ನಿಯಂತ್ರಿತ ಹೆಸರು, ಎಂಬ ಮಾನ್ಯತೆ ದೊರೆತದ್ದು 1936ರಲ್ಲಿ. ಸೀಮೆಯೊಳಗೆ ಆರು ಕ್ರ್ಯೂಗಳಿವೆ: ಗ್ರಾಂದ್ ಶಾಂಪೇನ್, ಪತೀತ್ ಶಾಂಪೇನ್, ಬೋರ್ದರಿ, ಫ್ಯಾಂ ಬ್ವಾ, ಬೋಂ ಬ್ವಾ, ಬ್ವಾ ಒರ್ದಿನೇರ್. ಇಲ್ಲಿನ ‘ಶಾಂಪೇನ್’ಗೂ ನೊರೆಯುಕ್ಕುವ ವೈನಿಗೆ ಹೆಸರಾದ ಈಶಾನ್ಯ ಫ್ರಾನ್ಸಿನ ಪ್ರಾಂತ್ಯಕ್ಕೂ ನಂಟಿಲ್ಲ, ಬಯಲು ಸೀಮೆ ಎಂಬ ಅರ್ಥದ ಲ್ಯಾಟಿನ್ ಪದದಿಂದ ಎರಡೂ ಬಂದಿವೆ, ಎರಡು ಕಡೆಯೂ ಸುಣ್ಣಕಲ್ಲಿನ ಮಣ್ಣಿದೆ, ಅಷ್ಟೆ. ‘ಬ್ವಾ’ ಎಂದರೆ ಕಾಡು. ಕಾಡು ಕಡಿದು ದ್ರಾಕ್ಷಿ ಹಾಕಿದ ಜಾಗಗಳಿಗೆ ಆ ಹೆಸರು ಉಳಿದುಬಂತು. ಈ ನೆಲವನ್ನು ಶಾಸ್ತ್ರೀಯವಾಗಿ ಅಳೆದವನು 19ನೆಯ ಶತಮಾನದ ಭೂವಿಜ್ಞಾನಿ ಆಂರಿ ಕೊಕಾಂ. ಅವನು ಭೂಮಿಯ ಚರಿತ್ರೆಯ ಎರಡು ಕಾಲಘಟ್ಟಗಳಿಗೆ ಕೊನ್ಯಾಕ್ ಮತ್ತು ಸೇಂತ್ ಪಟ್ಟಣಗಳ ಹೆಸರಿಟ್ಟ. ‘ಕೋನಿಯಾಸಿಯನ್’, ‘ಸ್ಯಾಂಟೋನಿಯನ್’ ಎಂದು ಜಗತ್ತಿನ ಭೂವಿಜ್ಞಾನಿಗಳೆಲ್ಲ ಅವನ್ನು ಇಂದಿಗೂ ಬಳಸುತ್ತಾರೆ. ಲೇಬಲ್ಲಿನ ಮೇಲೆ ‘ಫೀನ್ ಶಾಂಪೇನ್’ ಎಂದಿದ್ದರೆ ಅದು ಕ್ರ್ಯೂ ಅಲ್ಲ, ಮಿಶ್ರಣದ ಹೆಸರು. ಗ್ರಾಂದ್ ಮತ್ತು ಪತೀತ್ ಶಾಂಪೇನ್‌ಗಳನ್ನು ಮಾತ್ರ ಬೆರೆಸಿರಬೇಕು, ಅದರಲ್ಲಿ ಅರ್ಧದಷ್ಟಾದರೂ ಗ್ರಾಂದ್ ಶಾಂಪೇನಿನದಾಗಿರಬೇಕು.

ದ್ರಾಕ್ಷಿಯ ತಳಿಗಳಲ್ಲಿ ಇಂದು ಎಲ್ಲೆಡೆ ಕಾಣುವುದು ‘ಉನ್ಯಿ ಬ್ಲಾಂ’. ಒಂದು ಕಾಲಕ್ಕೆ ‘ಫೋಲ್ ಬ್ಲಾಂಶ್’ ಮೇಲುಗೈ ಪಡೆದಿತ್ತು. ‘ಕೊಲೊಂಬಾರ್’ ಕೂಡ ಇತ್ತು. 1870ರ ದಶಕದಲ್ಲಿ ಫಿಲೋಕ್ಸೆರಾ ಎಂಬ ಬೇರುಕೀಟ ಈ ತೋಟಗಳನ್ನು ನೆಲಸಮ ಮಾಡಿತು. ಕೀಟಕ್ಕೆ ಜಗ್ಗದ ಅಮೆರಿಕದ ಬೇರುಕಾಂಡಗಳ ಮೇಲೆ ಕಸಿ ಕಟ್ಟುವುದೊಂದೇ ಉಪಾಯವಾಗಿ ಉಳಿದಿತ್ತು. ಆದರೆ ಶರಾಂತ್‌ನ ಸುಣ್ಣದ ಮಣ್ಣಿನಲ್ಲಿ ಆ ಬೇರುಗಳೂ ಬಿಳಚಿ ಸಾಯುತ್ತಿದ್ದವು. 1887ರಲ್ಲಿ ವಿಜ್ಞಾನಿ ಪಿಯೇರ್ ವಿಯಾಲಾ ಅಮೆರಿಕಕ್ಕೆ ಹೋಗಿ, ಟೆಕ್ಸಸ್‌ನ ಡೆನಿಸನ್ ಊರಿನ ಟಿ.ವಿ. ಮನ್ಸನ್ ಎಂಬ ತಜ್ಞನ ನೆರವಿನಿಂದ ಸುಣ್ಣಕ್ಕೆ ಒಗ್ಗುವ ಕಾಡುತಳಿಯನ್ನು ಗುರುತಿಸಿದ ಮೇಲೆ ತೋಟಗಳು ಮತ್ತೆ ಎದ್ದವು. ಕಸಿ ಕಟ್ಟಿದ ಫೋಲ್ ಬ್ಲಾಂಶ್‌ನ ಗೊನೆಗಳು ಒತ್ತೊತ್ತಾಗಿ ಬೆಳೆದು ಕೊಳೆಯತೊಡಗಿದ್ದರಿಂದ ಉನ್ಯಿ ಬ್ಲಾಂ ಅದರ ಸ್ಥಾನಕ್ಕೆ ಬಂತು. ಇದರ ವೈನು ಕುಡಿಯಲು ಅಷ್ಟೇನೂ ಹಿತವಲ್ಲ: ಹುಳಿ ಹೆಚ್ಚು, ಮದ್ಯಸಾರ ಶೇಕಡ 9ರ ಆಸುಪಾಸು. ಬಟ್ಟಿಗೆ ಇವೇ ಬೇಕಾದ ಗುಣಗಳು. ವೈನು ಕೆಡದಂತೆ ಗಂಧಕ ಹಾಕುವ ರೂಢಿ ಇಲ್ಲಿ ನಿಷಿದ್ಧ, ಏಕೆಂದರೆ ಬಟ್ಟಿಯಲ್ಲಿ ಆ ವಾಸನೆಯೂ ಸಾಂದ್ರವಾಗುತ್ತದೆ. ಹಾಗಾಗಿ ಹುಳಿಯೇ ವೈನನ್ನು ಚಳಿಗಾಲದ ಉದ್ದಕ್ಕೂ ಕಾಯಬೇಕು. ಮದ್ಯಸಾರ ಕಡಿಮೆಯಿದ್ದಷ್ಟೂ ಒಂದು ಲೀಟರ್ ಓ-ದ-ವೀಗೆ ಹೆಚ್ಚು ವೈನು ಬೇಕಾಗುತ್ತದೆ, ಸುಮಾರು ಒಂಬತ್ತು ಲೀಟರ್. ಅಷ್ಟೂ ಹಣ್ಣಿನ ಪರಿಮಳ ಅದರೊಳಗೆ ಇಳಿಯುತ್ತದೆ. ಹುದುಗಿದ ಮೇಲೆ ತಳದಲ್ಲಿ ಕೂರುವ ಯೀಸ್ಟಿನ ಗಷ್ಟಕ್ಕೆ ‘ಲೀ’ ಎಂದು ಹೆಸರು. ಗಷ್ಟದೊಡನೆ ಬಟ್ಟಿ ಇಳಿಸಿದರೆ ಮೈತುಂಬಿದ ರುಚಿ ಬರುತ್ತದೆ, ಬೇರ್ಪಡಿಸಿ ಇಳಿಸಿದರೆ ಹಗುರಾದ ರುಚಿ. ರೆಮಿ ಮಾರ್ತ್ಯಾಂ ಸಂಸ್ಥೆ ಮೊದಲನೆಯ ಕ್ರಮಕ್ಕೆ ಹೆಸರಾದರೆ ಮಾರ್ತೆಲ್ ಸಂಸ್ಥೆ ಎರಡನೆಯದಕ್ಕೆ.

ಪರಿಭಾಷೆ ಅತ್ಯಂತ ಸಮೃದ್ಧವಾಗಿರುವುದು ಬಟ್ಟಿಯ ಸುತ್ತ. ಕೊನ್ಯಾಕ್‌ಗೆ ‘ಅಲಾಂಬಿಕ್ ಶರಾಂತೇ’ ಎಂಬ ತಾಮ್ರದ ಬಟ್ಟಿ ಕಡ್ಡಾಯ. ಇಟ್ಟಿಗೆಯ ಒಲೆಯೊಳಗೆ ಕೂರುವ ಹಂಡೆ ‘ಶೋದಿಯೇರ್’. ಅದರ ಮೇಲೆ ಈರುಳ್ಳಿಯ ಅಥವಾ ಆಲಿವ್ ಕಾಯಿಯ ಆಕಾರದ ತಲೆ ‘ಶಾಪಿತೋ’; ಮೇಲೇರಿದ ಭಾರದ ಆವಿ ಇಲ್ಲಿ ತಣಿದು ಮತ್ತೆ ಹಂಡೆಗೆ ಇಳಿಯುತ್ತದೆ. ತಲೆಯಿಂದ ಬಾಗಿ ಹೊರಡುವ ಕೊಳವೆ ‘ಕೋಲ್ ದ ಸೀನ್ಯ್’, ಹಂಸದ ಕತ್ತು. ಅದು ‘ಶೋಫ್-ವ್ಯಾಂ’ ಎಂಬ ವೈನು ಬೆಚ್ಚಗಾಗಿಸುವ ಕೊಡದ ಮೂಲಕ ಹಾದುಹೋಗುವುದುಂಟು. ಹೋಗುವ ಆವಿಯ ಬಿಸಿಯಿಂದಲೇ ಮುಂದಿನ ಸರದಿಯ ವೈನು ಕಾಯುತ್ತದೆ, ಉರುವಲು ಉಳಿಯುತ್ತದೆ. ಕೊನೆಗೆ ಆವಿ ‘ಸೆರ್ಪಾಂತ್ಯಾಂ’ ಎಂಬ ಹಾವಿನಂತೆ ಸುತ್ತಿದ ನಳಿಗೆಗೆ ಇಳಿಯುತ್ತದೆ. ನಳಿಗೆ ಮುಳುಗಿರುವ ತಣ್ಣೀರಿನ ತೊಟ್ಟಿಗೆ ‘ಪೀಪ್’ ಎನ್ನುತ್ತಾರೆ. ತಾಮ್ರವನ್ನೇ ಹಿಡಿದುಕೊಂಡಿರಲು ಕಾರಣ ಸಂಪ್ರದಾಯವೊಂದೇ ಅಲ್ಲ. ಅದು ಶಾಖವನ್ನು ಸಮನಾಗಿ ಹರಡುತ್ತದೆ, ವೈನಿನ ಗಂಧಕದ ಅಂಶಗಳನ್ನೂ ಕೊಬ್ಬಿನಾಮ್ಲಗಳನ್ನೂ ಹಿಡಿದಿಟ್ಟುಕೊಂಡು ದ್ರವವನ್ನು ಶುದ್ಧಗೊಳಿಸುತ್ತದೆ. ಒಲೆ ‘ಫೋ ನ್ಯೂ’, ಅಂದರೆ ಬಯಲು ಬೆಂಕಿ, ಆಗಿರಬೇಕು. ಸೌದೆ, ಕಲ್ಲಿದ್ದಲುಗಳ ಕಾಲ ಹೋಗಿ ಅನಿಲ ಬಂದಿದೆ. ಆದರೆ ಜ್ವಾಲೆ ನೇರವಾಗಿ ಹಂಡೆಯ ತಳಕ್ಕೇ ತಾಕಬೇಕೆಂಬ ನಿಯಮ ಬದಲಾಗಿಲ್ಲ.

ಬಟ್ಟಿ ಇಳಿಸುವುದು ಎರಡು ಸಲ. ಪ್ರತಿ ಸರದಿಗೆ ‘ಶೋಫ್’, ಕಾಯಿಸುವಿಕೆ, ಎಂದು ಹೆಸರು. ‘ಪ್ರಮಿಯೇರ್ ಶೋಫ್’ನಲ್ಲಿ, ಅಂದರೆ ಮೊದಲ ಸಲ, ಸಿಗುವುದು ‘ಬ್ರೂಯಿ’. ತುಸು ಮಬ್ಬಾದ ದ್ರವ, ಮದ್ಯಸಾರ ಸುಮಾರು ಶೇಕಡ 28ರಿಂದ 32. ಬ್ರೂಯಿಯನ್ನು ಮತ್ತೆ ಹಂಡೆಗೆ ಹಾಕಿ ಕಾಯಿಸುವುದೇ ‘ಬೊನ್ ಶೋಫ್’, ಒಳ್ಳೆಯ ಕಾಯಿಸುವಿಕೆ. ಈ ಎರಡನೆಯ ಸರದಿಗೆ ಹಂಡೆ 30 ಹೆಕ್ಟೊಲೀಟರಿಗಿಂತ ದೊಡ್ಡದಿರಬಾರದು, ಅದರಲ್ಲಿ 25 ಹೆಕ್ಟೊಲೀಟರಿಗಿಂತ ಹೆಚ್ಚು ತುಂಬಬಾರದು. ಎರಡು ಸಲದ ಈ ಪದ್ಧತಿಗೆ ಸೆಗೋಂಜಾಕ್‌ನ ದೊರೆ ಕ್ರ್ವಾ-ಮಾರೋಂ ಎಂಬವನ ಕನಸೊಂದು ಕಾರಣವೆಂಬ ಐತಿಹ್ಯವಿದೆ: ಸೈತಾನ ಅವನ ಆತ್ಮವನ್ನು ಕಸಿಯಲು ಒಮ್ಮೆ ಬೇಯಿಸಿ ಸೋತು, ಮತ್ತೊಮ್ಮೆ ಬೇಯಿಸಹೊರಟನಂತೆ.

ಬೊನ್ ಶೋಫ್ ನಡೆಯುವುದು ಹನ್ನೆರಡು ಗಂಟೆಯ ಆಸುಪಾಸು. ಬಟ್ಟಿಗಾರನ ನೈಪುಣ್ಯವೆಲ್ಲ ಪರೀಕ್ಷೆಗೆ ಬೀಳುವುದು ಅದರ ‘ಕೂಪ್’ನಲ್ಲಿ, ಅಂದರೆ ಬರುವ ದ್ರವವನ್ನು ಭಾಗ ಮಾಡುವಲ್ಲಿ. ನಳಿಗೆಯ ಬಾಯಲ್ಲಿ ಮದ್ಯಸಾರಮಾಪಕ ತೇಲುವ ಪುಟ್ಟ ತಾಮ್ರದ ಪಾತ್ರೆಯೊಂದಿರುತ್ತದೆ. ಮೊದಲು ತೆಳ್ಳಗೆ ಇಳಿಯುವುದು ‘ತೇತ್’, ತಲೆ. ಘಾಟು ಹೆಚ್ಚು, ಒಟ್ಟು ಪ್ರಮಾಣದ ಶೇಕಡ ಒಂದೆರಡು ಭಾಗ ಮಾತ್ರ, ಅದನ್ನು ಪಕ್ಕಕ್ಕೆ ತೆಗೆಯುತ್ತಾರೆ. ಘಾಟು ಕಳೆದು ಹಣ್ಣಿನ, ಹೂವಿನ ವಾಸನೆ ಬಿಚ್ಚಿಕೊಳ್ಳುವಾಗ ‘ಕರ್’, ಹೃದಯ, ಶುರುವಾಗುತ್ತದೆ. ಕೊನ್ಯಾಕ್ ಆಗುವುದು ಇದೊಂದೇ ಭಾಗ. ಮಾಪಕದ ಅಂಕಿ ನಿಧಾನವಾಗಿ ಕೆಳಗಿಳಿದು 60ರ ಸಮೀಪಕ್ಕೆ ಬಂದಾಗ ಬಟ್ಟಿಗಾರ ಎರಡನೆಯ ಸಲ ಕತ್ತರಿಸುತ್ತಾನೆ; ಅಲ್ಲಿಂದಾಚೆಯದು ‘ಸಗೋಂದ್’, ಎರಡನೆಯ ತರದ್ದು. ಕೊನೆಗೆ ಇಳಿಯುವ ನೀರುನೀರಾದ ಬಾಲಕ್ಕೆ ‘ಕೋ’ ಎನ್ನುತ್ತಾರೆ. ಅಂಕಿ ದಾರಿ ತೋರಿಸುತ್ತದೆ, ತೀರ್ಮಾನ ಮಾಡುವುದು ಮೂಗು. ಕ್ಷಣ ತಡವಾದರೆ ಹೃದಯಕ್ಕೆ ಬೆಂದ ವಾಸನೆ ಸೇರುತ್ತದೆ, ಅವಸರ ಮಾಡಿದರೆ ರುಚಿ ಬಡವಾಗುತ್ತದೆ. ಸಗೋಂದ್ ಮುಂದಿನ ಸರದಿಯ ವೈನಿಗೋ ಬ್ರೂಯಿಗೋ ಬೆರೆಯುತ್ತದೆ. ಯಾವುದಕ್ಕೆ ಎಂಬುದು ಮನೆಮನೆಗೂ ಬೇರೆ, ಅದರಂತೆ ರುಚಿಯೂ ಬೇರೆ. ಸುಗ್ಗಿಯ ನಂತರ ಆರಂಭವಾಗುವ ಈ ಕೆಲಸ ಮುಂದಿನ ಮಾರ್ಚ್ 31ರೊಳಗೆ ಮುಗಿಯಬೇಕು. ಅಷ್ಟು ದಿನವೂ ಬಟ್ಟಿ ಹಗಲಿರುಳು ಆರುವುದಿಲ್ಲ. ತನ್ನ ತೋಟದ ವೈನನ್ನು ತಾನೇ ಇಳಿಸುವವ ‘ಬುಯ್ಯೋರ್ ದ ಕ್ರ್ಯೂ’, ಬೇರೆಯವರ ವೈನು ಕೊಂಡೋ ಕೂಲಿಗೋ ಇಳಿಸುವವ ‘ಬುಯ್ಯೋರ್ ದ ಪ್ರೊಫೆಸಿಯೋಂ’.

ಬಟ್ಟಿಯಿಂದ ಬಂದ ಓ-ದ-ವೀಗೆ ಬಣ್ಣವಿಲ್ಲ, ಮದ್ಯಸಾರ ಶೇಕಡ 70ರ ಮೇಲೆ. ಮುಂದಿನ ಪದಗಳು ಮರಗೆಲಸದವರವು. ಪೀಪಾಯಿಗೆ ಎರಡು ಕಾಡುಗಳ ಓಕ್ ಹೆಸರುವಾಸಿ. ಲಿಮೂಜ್ಯಾಂ ಕಾಡಿನದು ಅಗಲ ಎಳೆಯ ಮರ, ಒಗರನ್ನು ಧಾರಾಳವಾಗಿ ಬಿಡುತ್ತದೆ. ತ್ರೋಂಸೆ ಕಾಡಿನದು ನವಿರು ಎಳೆಯದು, ಮೃದು. ಪೀಪಾಯಿಯ ಹಲಗೆಗಾಗಿ ಸೀಳಿದ ಮರಕ್ಕೆ ‘ಮೆರ್ಯಾಂ’ ಎನ್ನುತ್ತಾರೆ. ಗರಗಸದಿಂದ ಕೊಯ್ದರೆ ಮರದ ಎಳೆ ತುಂಡಾಗಿ ಪೀಪಾಯಿ ಸೋರುತ್ತದೆ, ಅದಕ್ಕೇ ಎಳೆಯ ಗುಂಟ ಸೀಳುವುದು. ಸೀಳಿದ ಹಲಗೆಗಳು ಎರಡು ಮೂರು ವರ್ಷ ಬಯಲಲ್ಲಿ ಮಳೆಬಿಸಿಲಿಗೆ ಒಡ್ಡಿಕೊಂಡಿರುತ್ತವೆ. ಕಟುವಾದ ಒಗರು ತೊಳೆದುಹೋಗುತ್ತದೆ. ‘ತೊನೆಲ್ಯೇ’, ಪೀಪಾಯಿ ಕಟ್ಟುವವ, ಹಲಗೆಗಳನ್ನು ಬಳೆಯೊಂದರ ಒಳಗೆ ಸುತ್ತಲೂ ನಿಲ್ಲಿಸುತ್ತಾನೆ. ಕೆಳಗಿನ ತುದಿಗಳು ಇನ್ನೂ ಕೂಡದೆ ಅರಳಿಕೊಂಡಿರುವ ಈ ಹಂತಕ್ಕೆ ‘ಮೀಜ್ ಆಂ ರೋಜ್’, ಗುಲಾಬಿ ಜೋಡಣೆ, ಎಂದು ಹೆಸರು. ಬಳಿಕ ಒಳಗೆ ಓಕ್ ಚೂರುಗಳ ಬೆಂಕಿ ಉರಿಯುತ್ತಿರುತ್ತದೆ, ಹೊರಮೈಗೆ ಒದ್ದೆಬಟ್ಟೆಯಿಂದ ನೀರು ಹಚ್ಚುತ್ತಾರೆ, ಮರ ಮೆದುವಾದಂತೆ ಹಗ್ಗದಿಂದ ಬಿಗಿದು ಬಾಗಿಸುತ್ತಾರೆ. ಬಾಗಿದ ಮೇಲೆ ಒಳಮೈಯನ್ನು ಹದವಾಗಿ ಹುರಿಯುವ ಹಂತ ‘ಬೂಜಿನಾಜ್’. ವೆನಿಲಾ, ಹುರಿದ ಬಾದಾಮಿ, ಮಸಾಲೆಯ ವಾಸನೆಗಳು ಓ-ದ-ವೀಗೆ ಸಿಗುವುದು ಹೀಗೆ ಹುರಿದ ಮರದಿಂದಲೇ. ಇಡೀ ಪೀಪಾಯಿಯ ಮೈಯಲ್ಲಿ ಒಂದು ಮೊಳೆಯೂ ಇರುವುದಿಲ್ಲ.

ಪೀಪಾಯಿಗಳನ್ನು ಇಡುವ ಕಟ್ಟಡ ‘ಶೆ’, ಅದರ ಯಜಮಾನ ‘ಮೇತ್ರ್ ದ ಶೆ’. ಹೊಸ ಪೀಪಾಯಿಯಲ್ಲಿ ಹಲವು ತಿಂಗಳಿಟ್ಟು ಆಮೇಲೆ ‘ಫ್ಯೂ ರೂ’ ಎನ್ನುವ ಹಳೆಯ ಪೀಪಾಯಿಗೆ ಬದಲಿಸುವುದು ವಾಡಿಕೆ, ಇಲ್ಲದಿದ್ದರೆ ಮರದ ರುಚಿಯೇ ಮೇಲಾಗುತ್ತದೆ. ನದಿಯಂಚಿನ ತೇವದ ಶೆಯಲ್ಲಿ ನೀರಿಗಿಂತ ಮದ್ಯಸಾರ ಹೆಚ್ಚು ಆವಿಯಾಗಿ ರುಚಿ ದುಂಡಗಾಗುತ್ತದೆ. ಒಣ ಶೆಯಲ್ಲಿ ನೀರು ಹೆಚ್ಚು ಹೋಗಿ ಖಾರ ಉಳಿಯುತ್ತದೆ. ಹೀಗೆ ವರ್ಷಕ್ಕೆ ಶೇಕಡ ಎರಡರಷ್ಟು ಕಳೆದುಹೋಗುವ ಪಾಲೇ ‘ಪಾರ್ ದೇಜಾಂಜ್’, ದೇವದೂತರ ಪಾಲು. ಇಡೀ ಪರಿಭಾಷೆಯಲ್ಲಿ ಜಗತ್ತಿಗೆಲ್ಲ ಪರಿಚಯವಾದ ಮಾತು ಇದು. ಆ ಆವಿಯನ್ನು ಉಂಡು ಬೆಳೆಯುವ ಕಪ್ಪು ಬೂಷ್ಟು ಕೊನ್ಯಾಕ್‌ನ ಗೋಡೆಗಳನ್ನೂ ಹೆಂಚುಗಳನ್ನೂ ಮಸಿ ಬಳಿದಂತೆ ಮುಚ್ಚಿದೆ. 1870ರ ದಶಕದಲ್ಲಿ ಇದನ್ನು ಮೊದಲು ವಿವರಿಸಿದ ಊರಿನ ಔಷಧಿಕಾರ ಬೊದ್ವಾಂನ ಹೆಸರಿನಲ್ಲಿ ‘ಬೊಡ್ವಿನಿಯಾ ಕೋಂಪ್ನಿಯಾಸೆನ್ಸಿಸ್’ ಎಂದು ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಿದ್ದಾರೆ. ಎರಡನೆಯ ಪದ ಕೊನ್ಯಾಕ್‌ನ ಲ್ಯಾಟಿನ್ ಹೆಸರಿನಿಂದ ಬಂದದ್ದು.

ದಶಕ ದಾಟಿದ ಓ-ದ-ವೀಗೆ ‘ರಾನ್ಸಿಯೊ’ ಎಂಬ ಗುಣ ಬರುತ್ತದೆ. ಅಣಬೆ, ಅಕ್ರೋಟು, ಮಳೆ ನಿಂತ ಕಾಡಿನ ನೆಲ ಇವುಗಳ ವಾಸನೆ ಬೆರೆತ ಈ ಗುಣಕ್ಕೆ ಕೊಬ್ಬಿನಾಮ್ಲಗಳು ಗಾಳಿಯೊಡನೆ ನಿಧಾನವಾಗಿ ಕೂಡುವುದು ಕಾರಣ. ಪದದ ಮೂಲಾರ್ಥ ಹಳಸಿದ್ದು ಎಂದು. ಇಲ್ಲಿ ಮಾತ್ರ ಅದು ಹೊಗಳಿಕೆ. ಅರ್ಧ ಶತಮಾನ ಕಳೆದ ಮೇಲೆ ಮರದಿಂದ ಪಡೆಯುವುದೇನೂ ಉಳಿಯದು. ಆಗ ದ್ರವವನ್ನು ‘ದಾಮ್-ಜಾನ್’ ಎಂಬ, ಬೆತ್ತ ಹೆಣೆದ ದೊಡ್ಡ ಗಾಜಿನ ಬುರುಡೆಗಳಿಗೆ ತುಂಬಿ ಬಾಯಿ ಮುಚ್ಚುತ್ತಾರೆ. ಗಾಜಿನೊಳಗೆ ಅದು ಬದಲಾಗುವುದಿಲ್ಲ. ಇಂಥ ಬುರುಡೆಗಳೂ ಅತಿ ಹಳೆಯ ಪೀಪಾಯಿಗಳೂ ಇರುವ ಶೆಯ ಮೂಲೆಗೆ ‘ಪಾರಾದಿ’, ಸ್ವರ್ಗ, ಎಂದು ಹೆಸರು.

ಬಾಟಲಿಗೆ ತುಂಬುವ ಮದ್ಯಸಾರದ ಕನಿಷ್ಠ ಮಿತಿ ಶೇಕಡ 40. ಪೀಪಾಯಿಯಲ್ಲಿ ತಾನಾಗಿ ಅಷ್ಟಕ್ಕೆ ಇಳಿಯಲು ದಶಕಗಳು ಬೇಕಾಗುವುದರಿಂದ ಶುದ್ಧ ನೀರು ಬೆರೆಸಿ ಇಳಿಸುತ್ತಾರೆ, ಇದು ‘ರೆದ್ಯುಕ್ಸಿಯೋಂ’. ಒಮ್ಮೆಗೇ ನೀರು ಸುರಿದರೆ ಮದ್ಯ ಮಬ್ಬಾಗಿ ಒಡೆದಂತಾಗುತ್ತದೆ. ಹಾಗಾಗಿ ನೀರು ಮತ್ತು ಓ-ದ-ವೀ ಬೆರೆಸಿ ಪೀಪಾಯಿಯಲ್ಲೇ ಮಾಗಿಸಿದ ‘ಪತೀತ್ ಜೋ’, ಸಣ್ಣ ನೀರು, ಎಂಬ ತೆಳು ದ್ರವವನ್ನು ಹಂತಹಂತವಾಗಿ ಸೇರಿಸುವುದು ಜಾಣರ ಕ್ರಮ. ಬಣ್ಣ ಸಮ ಮಾಡಲು ಸುಟ್ಟ ಸಕ್ಕರೆಯ ಪಾಕ, ಮರದ ರುಚಿಗೆ ಓಕ್ ಚಕ್ಕೆಯ ಕಷಾಯವಾದ ‘ಬ್ವಾಜೇ’ ಸೇರಿಸಲು ಮಿತಿಯೊಳಗೆ ಅನುಮತಿಯಿದೆ. ಬೇರೆ ಬೇರೆ ಕ್ರ್ಯೂ ಮತ್ತು ವಯಸ್ಸಿನವನ್ನು ಬೆರೆಸುವ ಕೆಲಸಕ್ಕೂ ‘ಕೂಪ್’ ಎಂದೇ ಹೆಸರು, ‘ಅಸಾಂಬ್ಲಾಜ್’ ಎಂಬುದು ಅದರ ಪರ್ಯಾಯ. ಬಟ್ಟಿಮನೆಯಲ್ಲಿ ಕತ್ತರಿಸುವುದು, ಶೆಯಲ್ಲಿ ಕೂಡಿಸುವುದು ಎರಡಕ್ಕೂ ಒಂದೇ ಪದ.

ವಯಸ್ಸಿನ ಲೆಕ್ಕಕ್ಕೆ ‘ಕೋಂತ್’ ಎನ್ನುತ್ತಾರೆ. ಹೊಸದಾಗಿ ಇಳಿದದ್ದು ಕೋಂತ್ 00, ಬಟ್ಟಿಯ ಅವಧಿ ಮುಗಿದ ಏಪ್ರಿಲ್ 1ರಂದು 0, ಮರುವರ್ಷ ಅದೇ ದಿನ 1, ಹೀಗೆ ಮುಂದುವರಿಯುತ್ತದೆ. ಮಿಶ್ರಣದಲ್ಲಿ ಅತ್ಯಂತ ಎಳೆಯದರ ವಯಸ್ಸೇ ಇಡೀ ಮಿಶ್ರಣದ ವಯಸ್ಸು. ಎರಡು ವರ್ಷದ್ದು ವಿಎಸ್ (ವೆರಿ ಸ್ಪೆಷಲ್), ನಾಲ್ಕರದು ವಿಎಸ್‌ಒಪಿ (ವೆರಿ ಸುಪೀರಿಯರ್ ಓಲ್ಡ್ ಪೇಲ್), ಆರರದು ನೆಪೋಲಿಯನ್. ಎಕ್ಸ್‌ಒ (ಎಕ್ಸ್‌ಟ್ರಾ ಓಲ್ಡ್) ದರ್ಜೆಗೆ ಹಿಂದೆ ಆರು ವರ್ಷ ಸಾಕಿತ್ತು, 2018ರ ಏಪ್ರಿಲ್‌ನಿಂದ ಹತ್ತು ಬೇಕು. ಇವು ಇಂಗ್ಲಿಷ್ ಅಕ್ಷರಗಳಾಗಿರುವುದಕ್ಕೆ ವ್ಯಾಪಾರದ ಚರಿತ್ರೆ ಕಾರಣ. 1715ರಲ್ಲಿ ಸಂಸ್ಥೆ ಕಟ್ಟಿದ ಝಾಂ ಮಾರ್ತೆಲ್ ಜರ್ಸಿ ದ್ವೀಪದವನು, 1765ರಲ್ಲಿ ಕಟ್ಟಿದ ರಿಚರ್ಡ್ ಹೆನೆಸಿ ಐರ್ಲೆಂಡಿನವನು, ಗಿರಾಕಿಗಳು ಲಂಡನ್ನಿನವರು. ಫ್ರೆಂಚಿನಲ್ಲಿ ಉಳಿದ ವಯಸ್ಸಿನ ಪದವೆಂದರೆ ‘ಓರ್ ದಾಜ್’, ವಯಸ್ಸಿನ ಲೆಕ್ಕಕ್ಕೆ ಮೀರಿದ್ದು. ದಕ್ಷಿಣ ಭಾರತದ ಬ್ರಾಂದಿ ಬಾಟಲಿಗಳ ಮೇಲೂ ವಿಎಸ್‌ಒಪಿ ಅಕ್ಷರಗಳು ಕಾಣುತ್ತವೆ. ಇಲ್ಲಿನ ಬ್ರಾಂದಿಯ ಬಹುಪಾಲು ಕಾಕಂಬಿಯ ಮದ್ಯಸಾರದಿಂದ ಆದದ್ದು, ಫ್ರೆಂಚ್ ಕೋಂತ್‌ನ ನಿಯಮ ಅದಕ್ಕೆ ಅನ್ವಯಿಸುವುದಿಲ್ಲ. ‘ಕೊನ್ಯಾಕ್’ ಎಂಬ ಹೆಸರು ಮಾತ್ರ ಭಾರತದಲ್ಲಿಯೂ ಭೌಗೋಳಿಕ ಸೂಚಕವಾಗಿ ನೋಂದಣಿಯಾಗಿದೆ.

ಆರ್ಮನ್ಯಾಕ್ ಕೊನ್ಯಾಕ್‌ಗಿಂತ ಹಳೆಯದು. 1310ರಲ್ಲಿ ವೀತಾಲ್ ದ್ಯು ಫೂರ್ ಎಂಬ ಧರ್ಮಗುರು ಈ ‘ಉರಿವ ನೀರಿ’ನ ನಲವತ್ತು ಸದ್ಗುಣಗಳನ್ನು ಪಟ್ಟಿ ಮಾಡಿದನೆಂದು ಹೇಳುತ್ತಾರೆ. ಇದರ ಸೀಮೆಗಳು ಬಾ-ಆರ್ಮನ್ಯಾಕ್, ತೆನಾರೇಜ್, ಓ-ಆರ್ಮನ್ಯಾಕ್. ಮೊದಲನೆಯದರ ಕಂದು ಮರಳಿಗೆ ‘ಸಾಬ್ಲ್ ಫೋವ್’ ಎನ್ನುತ್ತಾರೆ. ಇಲ್ಲಿ ಉನ್ಯಿ ಬ್ಲಾಂ, ಫೋಲ್ ಬ್ಲಾಂಶ್‌ಗಳ ಜೊತೆಗೆ ಫ್ರಾಂಸ್ವಾ ಬಾಕೋ 1898ರಲ್ಲಿ ಸೃಷ್ಟಿಸಿದ ‘ಬಾಕೋ’ ಮಿಶ್ರತಳಿಯೂ ಇದೆ. ಬಟ್ಟಿ ಬೇರೆ ಬಗೆಯದು. ‘ಅಲಾಂಬಿಕ್ ಆರ್ಮನ್ಯಾಕೇ’ ತಟ್ಟೆಗಳನ್ನು ಜೋಡಿಸಿದ ತಾಮ್ರದ ಕಂಬ; ಮೇಲಿನಿಂದ ವೈನು ತಟ್ಟೆಯಿಂದ ತಟ್ಟೆಗೆ ಇಳಿಯುತ್ತದೆ, ಕೆಳಗಿನಿಂದ ಆವಿ ಆ ವೈನಿನ ಮೂಲಕವೇ ಗುಳುಗುಳು ಎಂದು ಏರುತ್ತದೆ. ಕೆಲಸ ನಿಲ್ಲದೆ ಒಂದೇ ಸಲಕ್ಕೆ ಮುಗಿಯುತ್ತದೆ, ಸಾಮಾನ್ಯವಾಗಿ ಶೇಕಡ 52ರಿಂದ 60ರ ಓ-ದ-ವೀ ಸಿಗುತ್ತದೆ. ಮದ್ಯಸಾರ ಕಡಿಮೆ, ವೈನಿನ ಗುಣ ಹೆಚ್ಚು; ಹಾಗಾಗಿ ಒರಟುತನ ಕಳೆಯಲು ಹೆಚ್ಚು ಕಾಲ ಬೇಕು. ಈ ಬಟ್ಟಿಯನ್ನು ಬಂಡಿಯ ಮೇಲೆ ಹೂಡಿಕೊಂಡು ತೋಟದಿಂದ ತೋಟಕ್ಕೆ ಹೋಗುವ ಬಟ್ಟಿಗಾರನೇ ‘ಬುಯ್ಯೋರ್ ಆಂಬ್ಯುಲಾಂ’. ಒಂದೇ ಸುಗ್ಗಿಯದನ್ನು ಬೆರೆಸದೆ ವರ್ಷದ ಅಂಕಿಯೊಡನೆ ಮಾರುವ ‘ಮಿಲೇಜಿಮ್’ ಆರ್ಮನ್ಯಾಕ್‌ನ ಹೆಮ್ಮೆ. ಮಾಗಿಸದೆ ಬಿಳಿಯಾಗಿಯೇ ಮಾರುವ ‘ಬ್ಲಾಂಶ್’ಗೆ 2005ರಲ್ಲಿ ಪ್ರತ್ಯೇಕ ಮಾನ್ಯತೆ ಸಿಕ್ಕಿತು.

ನಾರ್ಮಂಡಿಯಲ್ಲಿ ಸೈಡರ್ ಬಟ್ಟಿ ಇಳಿಸುವುದರ ಹಳೆಯ ಉಲ್ಲೇಖ ಜಮೀನುದಾರ ಜೀಲ್ ದ ಗೂಬರ್ವೀಲ್‌ನ 1553ರ ದಿನಚರಿಯಲ್ಲಿದೆ. ಕಲ್ವಾದೋಸ್‌ನ ಮೂರು ಮಾನ್ಯ ಹೆಸರುಗಳಲ್ಲಿ 1942ರ ಪೇಯಿ ದೋಜ್ ಮೊದಲನೆಯದು; ಅದನ್ನು ಎರಡು ಸಲ ಇಳಿಸುತ್ತಾರೆ. ಕೊನ್ಯಾಕ್‌ನಲ್ಲಿ ಬ್ರೂಯಿ ಎನ್ನುವ ಮೊದಲ ಇಳುವರಿಗೆ ಇಲ್ಲಿ ‘ಪತೀತ್ ಜೋ’ ಎನ್ನುತ್ತಾರೆ. ಶರಾಂತ್‌ನ ಶೆಯಲ್ಲಿ ಅದೇ ಪದಕ್ಕೆ ಬೇರೆಯೇ ಅರ್ಥವಿರುವುದನ್ನು ಮರೆತು ಎರಡೂ ಸೀಮೆಗಳ ಬರಹಗಳನ್ನು ಒಟ್ಟಿಗೆ ಓದುವವರು ಎಡವುವುದುಂಟು. ದೋಂಫ್ರೋಂತೇ ಸೀಮೆಯದರಲ್ಲಿ ಶೇಕಡ 30ರಷ್ಟಾದರೂ ಪೇರು ಹಣ್ಣಿನ ‘ಪ್ವಾರೇ’ ಇರಬೇಕು. ಇನ್ನುಳಿದ ಸೀಮೆಗಳಲ್ಲಿ ವೈನಿನಿಂದ ಇಳಿಸಿದ್ದು ‘ಫೀನ್’, ದ್ರಾಕ್ಷಿ ಹಿಂಡಿದ ಮೇಲೆ ಉಳಿಯುವ ಸಿಪ್ಪೆಬೀಜಗಳ ಹಿಂಡಿಯಿಂದ ಇಳಿಸಿದ್ದು ‘ಮಾರ್’. ಬುಯ್ಯೋರ್ ದ ಕ್ರ್ಯೂ ಎಂಬ ಪದಕ್ಕೆ ಹಳ್ಳಿಗಾಡಿನಲ್ಲಿ ಇನ್ನೊಂದು ಅರ್ಥವೂ ಇತ್ತು: ಸ್ವಂತ ಹಣ್ಣಿನಿಂದ ವರ್ಷಕ್ಕೆ 10 ಲೀಟರ್ ಶುದ್ಧ ಮದ್ಯಸಾರದಷ್ಟನ್ನು ತೆರಿಗೆಯಿಲ್ಲದೆ ಇಳಿಸಿಕೊಳ್ಳುವ ಹಕ್ಕುಳ್ಳವನು. 1960ರ ಆದೇಶ ಈ ಹಕ್ಕನ್ನು ಮಕ್ಕಳಿಗೆ ಬಿಟ್ಟುಕೊಡುವುದನ್ನು ನಿಲ್ಲಿಸಿತು; ಆಗ ಹಕ್ಕು ಹೊಂದಿದ್ದವರು ಬದುಕಿರುವವರೆಗೂ ಅದನ್ನು ಉಳಿಸಿಕೊಂಡರು.